ನಮ್ಮ ಅಡುಗೆಮನೆಯಲ್ಲಿ ವಿಟಮಿನ್ ಸಿ: ಎಷ್ಟು ಬೇಕು, ಎಲ್ಲಿಂದ ಪಡೆಯಬೇಕು, ಹೇಗೆ ಉಳಿಸಿಕೊಳ್ಳಬೇಕು

ಅಕ್ಕಿ, ರಾಗಿ, ಜೋಳ, ಬೇಳೆ, ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸ: ನಮ್ಮ ಊಟದ ಬಹುಪಾಲು ಇವುಗಳಿಂದಲೇ ಆಗುತ್ತದೆ, ಆದರೆ ಇವುಗಳಲ್ಲಿ ಯಾವುದರಲ್ಲಿಯೂ ಲೆಕ್ಕಕ್ಕೆ ಹಿಡಿಯುವಷ್ಟು ವಿಟಮಿನ್ ಸಿ ಇಲ್ಲ. ಅದು ಸಿಗುವುದು ಹಣ್ಣು, ಸೊಪ್ಪು, ತರಕಾರಿಗಳಿಂದ. ಹಸು, ಆಡು, ನಾಯಿ ಮುಂತಾದ ಪ್ರಾಣಿಗಳು ತಮಗೆ ಬೇಕಾದ ವಿಟಮಿನ್ ಸಿಯನ್ನು ತಮ್ಮ ಯಕೃತ್ತಿನಲ್ಲಿಯೇ ತಯಾರಿಸಿಕೊಳ್ಳುತ್ತವೆ. ಮನುಷ್ಯ, ಮಂಗ, ಗಿನಿ ಹಂದಿಗಳಿಗೆ ಆ ಸಾಮರ್ಥ್ಯವಿಲ್ಲ. ಕೂಡಿಟ್ಟುಕೊಳ್ಳುವ ಶಕ್ತಿಯೂ ನಮಗೆ ಕಡಿಮೆ. ಚೆನ್ನಾಗಿ ತಿನ್ನುವ ವಯಸ್ಕರ ದೇಹದಲ್ಲಿ ಒಟ್ಟು ಒಂದೂವರೆ ಗ್ರಾಂನಷ್ಟು ಇರುತ್ತದೆ, ಹೊಸದಾಗಿ ಏನೂ ಬಾರದಿದ್ದರೆ ಒಂದರಿಂದ ಮೂರು ತಿಂಗಳೊಳಗೆ ಈ ಕೊರತೆಯಿಂದ ಬರುವ ಸ್ಕರ್ವಿ ರೋಗದ ಲಕ್ಷಣಗಳು ಕಾಣಿಸಿಕೊಳ್ಳುತ್ತವೆ.

ಹಣ್ಣು ತರಕಾರಿ ಕೊಳ್ಳುವ ಮನೆಗಳಲ್ಲಿಯೂ ಈ ಪೋಷಕಾಂಶ ಸಾಲದೆ ಹೋಗುವುದಕ್ಕೆ ಮುಖ್ಯ ಕಾರಣ, ಕೊಂಡು ತಂದದ್ದರಲ್ಲಿ ಇದ್ದುದು ತಟ್ಟೆಗೆ ಬರುವಷ್ಟರಲ್ಲಿ ಕಳೆದುಹೋಗಿರುವುದು. ನೀರಿಗೆ, ಬಿಸಿಗೆ, ಗಾಳಿಗೆ ಇಷ್ಟು ಬೇಗ ಸೋಲುವ ಪೋಷಕಾಂಶ ಮತ್ತೊಂದಿಲ್ಲವೆಂದೇ ಹೇಳಬಹುದು. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಯಾವ ಹಣ್ಣಿನಲ್ಲಿ ಎಷ್ಟಿದೆ ಎನ್ನುವುದರಷ್ಟೇ ಒತ್ತನ್ನು ಅದನ್ನು ಹೇಗೆ ಹೆಚ್ಚಬೇಕು, ಹೇಗೆ ಬೇಯಿಸಬೇಕು, ಯಾವುದರ ಜೊತೆಗೆ ತಿನ್ನಬೇಕು ಎನ್ನುವುದಕ್ಕೂ ಕೊಡಲಾಗಿದೆ.

ಹಂತ 1: ಮನೆಯಲ್ಲಿ ಯಾರಿಗೆ ಎಷ್ಟು ಬೇಕೆಂದು ಗುರುತಿಸಿಕೊಳ್ಳಿ

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಪರಿಷ್ಕರಿಸಿದ ಶಿಫಾರಸಿನ ಪ್ರಕಾರ ವಯಸ್ಕ ಗಂಡಸರಿಗೆ ದಿನಕ್ಕೆ 80 ಮಿಲಿಗ್ರಾಂ, ಹೆಂಗಸರಿಗೆ 65 ಮಿಲಿಗ್ರಾಂ ವಿಟಮಿನ್ ಸಿ ಬೇಕು. ಬಸುರಿಯರಿಗೆ ಇದು 80 ಮಿಲಿಗ್ರಾಂ, ಎದೆಹಾಲು ಕುಡಿಸುವ ತಾಯಂದಿರಿಗೆ 115 ಮಿಲಿಗ್ರಾಂ. ಒಂದರಿಂದ ಮೂರು ವರ್ಷದ ಮಕ್ಕಳಿಗೆ 30, ನಾಲ್ಕರಿಂದ ಆರು ವರ್ಷದವರಿಗೆ 35, ಏಳರಿಂದ ಒಂಬತ್ತು ವರ್ಷದವರಿಗೆ 45 ಮಿಲಿಗ್ರಾಂ. ಅಲ್ಲಿಂದ ಮುಂದೆ ವಯಸ್ಸಿನೊಂದಿಗೆ ಏರುತ್ತಾ ವಯಸ್ಕರ ಮಟ್ಟವನ್ನು ಮುಟ್ಟುತ್ತದೆ. ಹಳೆಯ ಪಠ್ಯಪುಸ್ತಕಗಳಲ್ಲಿ ವಯಸ್ಕರಿಗೆ 40 ಮಿಲಿಗ್ರಾಂ ಎಂದು ಓದಿದ ನೆನಪು ಇರುವವರು ತಪ್ಪಾಗಿ ಓದಿದವರಲ್ಲ, 2010ರ ಶಿಫಾರಸು ಹಾಗೆಯೇ ಇತ್ತು.

ದೇಶದಿಂದ ದೇಶಕ್ಕೆ ಈ ಅಂಕಿ ಬದಲಾಗುತ್ತದೆ. ಅಮೆರಿಕದಲ್ಲಿ ಗಂಡಸರಿಗೆ 90, ಹೆಂಗಸರಿಗೆ 75 ಮಿಲಿಗ್ರಾಂ. ಬ್ರಿಟನ್ನಿನಲ್ಲಿ ವಯಸ್ಕರಿಗೆ 40. ಆ ದೇಶಗಳಲ್ಲಿ ನೆಲೆಸಿರುವ ಕನ್ನಡಿಗರು ಅಲ್ಲಿನ ಪೊಟ್ಟಣಗಳ ಮೇಲೆ ಕಾಣುವ ಶೇಕಡಾವಾರು ಲೆಕ್ಕ ಅಲ್ಲಿನ ಅಳತೆಗೆ ಸೇರಿದ್ದು ಎಂಬುದನ್ನು ಗಮನದಲ್ಲಿ ಇಟ್ಟುಕೊಳ್ಳಬೇಕು. ಈ ವ್ಯತ್ಯಾಸಕ್ಕೆ ಗಾಬರಿಯಾಗಬೇಕಿಲ್ಲ. ಸ್ಕರ್ವಿ ಬಾರದಂತೆ ತಡೆಯಲು ದಿನಕ್ಕೆ 10 ಮಿಲಿಗ್ರಾಂ ಸಾಕು. ಉಳಿದ ಅಂಕಿಗಳೆಲ್ಲ ದೇಹದ ದಾಸ್ತಾನು ಎಷ್ಟು ತುಂಬಿರಬೇಕು ಎನ್ನುವುದರ ಕುರಿತು ತಜ್ಞರು ಬೇರೆ ಬೇರೆ ರೀತಿಯಲ್ಲಿ ತೀರ್ಮಾನಿಸಿದ್ದರ ಫಲ.

ಬೀಡಿ ಸಿಗರೇಟು ಸೇದುವವರ ದೇಹದಲ್ಲಿ ವಿಟಮಿನ್ ಸಿ ಹೆಚ್ಚು ವೇಗವಾಗಿ ಖರ್ಚಾಗುವುದರಿಂದ ಅವರಿಗೆ ದಿನಕ್ಕೆ 35 ಮಿಲಿಗ್ರಾಂ ಹೆಚ್ಚುವರಿ ಬೇಕೆಂದು ಅಮೆರಿಕದ ಶಿಫಾರಸು ಹೇಳುತ್ತದೆ. ಮೇಲಿನ ಮಿತಿಯೂ ಇದೆ: ವಯಸ್ಕರು ದಿನಕ್ಕೆ 2,000 ಮಿಲಿಗ್ರಾಂ ದಾಟಬಾರದು. ಊಟದಿಂದ ಆ ಮಟ್ಟ ಮುಟ್ಟುವುದು ಬಹುತೇಕ ಅಸಾಧ್ಯ, ಮಾತ್ರೆಗಳಿಂದ ಸುಲಭ.

ಹಂತ 2: ಈಗಿನ ಊಟದಲ್ಲಿ ಎಷ್ಟು ಸಿಗುತ್ತಿದೆ ಎಂದು ಲೆಕ್ಕ ಹಾಕಿ

ಒಂದು ಸಾಧಾರಣ ದಿನದಲ್ಲಿ ತಿಂದದ್ದನ್ನೆಲ್ಲ ಬರೆದಿಟ್ಟು, ಅದರಲ್ಲಿ ಹಣ್ಣು, ಸೊಪ್ಪು, ತರಕಾರಿಗಳನ್ನು ಮಾತ್ರ ಬೇರೆ ಮಾಡಿಕೊಳ್ಳಿ. ಉದಾಹರಣೆಗೆ, ಬೆಳಿಗ್ಗೆ ಇಡ್ಲಿ, ಕಾಯಿಚಟ್ನಿ, ಕಾಫಿ. ಮಧ್ಯಾಹ್ನ ಅನ್ನ, ಬೇಳೆ ಸಾರು, ಹುರುಳಿಕಾಯಿ ಪಲ್ಯ, ಮಜ್ಜಿಗೆ. ಸಂಜೆ ಚಹಾ, ಬಿಸ್ಕತ್ತು. ರಾತ್ರಿ ಚಪಾತಿ, ಆಲೂಗಡ್ಡೆ ಪಲ್ಯ, ಮಲಗುವ ಮುನ್ನ ಒಂದು ಬಾಳೆಹಣ್ಣು ಎಂದಿಟ್ಟುಕೊಳ್ಳೋಣ. ಯಾರ ಕಣ್ಣಿಗೂ ಇದು ಕೊರತೆಯ ಊಟವೆಂದು ಕಾಣದು.

ಈಗ ಲೆಕ್ಕ. ಸಾರಿನಲ್ಲಿ ಒಬ್ಬರ ಪಾಲಿಗೆ ಬರುವ ಅರ್ಧ ಟೊಮೇಟೊದಲ್ಲಿ ಹಸಿಯಿದ್ದಾಗ ಸುಮಾರು 10 ಮಿಲಿಗ್ರಾಂ ಇರುತ್ತದೆ, ಕುದಿದ ಮೇಲೆ ಅದರ ಅರ್ಧ ಉಳಿದಿದ್ದರೆ ಪುಣ್ಯ. ಹುರುಳಿಕಾಯಿ ಪಲ್ಯದಿಂದ ಐದಾರು, ಆಲೂಗಡ್ಡೆಯಿಂದ ಹತ್ತರ ಆಸುಪಾಸು, ಬಾಳೆಹಣ್ಣಿನಿಂದ ಎಂಟೊಂಬತ್ತು. ಇಡ್ಲಿ, ಬೇಳೆ, ಚಪಾತಿ, ಮಜ್ಜಿಗೆ, ಬಿಸ್ಕತ್ತುಗಳಿಂದ ಹೆಚ್ಚುಕಡಿಮೆ ಸೊನ್ನೆ. ಒಟ್ಟು ಮೂವತ್ತರ ಹತ್ತಿರ ಬಂದು ನಿಲ್ಲುತ್ತದೆ. ಸ್ಕರ್ವಿ ಬಾರದಿರಲು ಇದು ಧಾರಾಳವಾಗಿ ಸಾಕು, ಆದರೆ ಶಿಫಾರಸಿನ ಅರ್ಧವನ್ನೂ ಮುಟ್ಟುವುದು ಕಷ್ಟ. ಇದೇ ದಿನಕ್ಕೆ ಕಾಲು ಭಾಗ ಸೀಬೆಹಣ್ಣು ಸೇರಿದರೆ ಲೆಕ್ಕ ಪೂರ್ತಿಯಾಗುತ್ತದೆ. ಕೊರತೆ ಎಷ್ಟು ಸುಲಭವಾಗಿ ಆಗುತ್ತದೆ, ಎಷ್ಟು ಸುಲಭವಾಗಿ ನೀಗುತ್ತದೆ ಎಂಬ ಎರಡೂ ಸಂಗತಿ ಈ ಒಂದೇ ಲೆಕ್ಕದಲ್ಲಿವೆ.

ಈ ಲೆಕ್ಕವನ್ನು ದಿನವೂ ಹಾಕುವ ಅಗತ್ಯವಿಲ್ಲ. ವಾರದಲ್ಲಿ ಒಂದೆರಡು ದಿನ ಕಡಿಮೆಯಾಗಿ, ಮತ್ತೆರಡು ದಿನ ಹೆಚ್ಚಾದರೆ ದೇಹ ಸರಿದೂಗಿಸಿಕೊಳ್ಳುತ್ತದೆ.

ಹಂತ 3: ಆಕರಗಳನ್ನು ಆರಿಸಿಕೊಳ್ಳಿ, ಹುಳಿಯನ್ನು ನಂಬಬೇಡಿ

ಹುಳಿಯಿರುವುದೆಲ್ಲ ವಿಟಮಿನ್ ಸಿ ಎಂಬ ನಂಬಿಕೆ ಬಹಳ ವ್ಯಾಪಕವಾಗಿದೆ. ಹುಣಸೆಹಣ್ಣಿನ ಹುಳಿ ಟಾರ್ಟಾರಿಕ್ ಆಮ್ಲದ್ದು, ಮೊಸರಿನದು ಲ್ಯಾಕ್ಟಿಕ್ ಆಮ್ಲದ್ದು. ಎರಡರಲ್ಲಿಯೂ ವಿಟಮಿನ್ ಸಿ ನಗಣ್ಯ. ಇನ್ನೊಂದು ಕಡೆ, ಸಿಹಿಯಾದ ಸೀಬೆಹಣ್ಣು ಮತ್ತು ಸಪ್ಪೆಯಾದ ದಪ್ಪ ಮೆಣಸಿನಕಾಯಿ ಈ ವಿಷಯದಲ್ಲಿ ಕಿತ್ತಳೆಯನ್ನು ಬಹಳ ದೂರ ಹಿಂದಿಕ್ಕುತ್ತವೆ.

ಮೊದಲ ಸ್ಥಾನ ಬೆಟ್ಟದ ನೆಲ್ಲಿಕಾಯಿಯದೇ, ಆದರೆ ಅದರ ಬಗ್ಗೆ ಓಡಾಡುವ ಅಂಕಿಗಳನ್ನು ಎಚ್ಚರದಿಂದ ನೋಡಬೇಕು. ನಮ್ಮ ಹಳೆಯ ಕೋಷ್ಟಕಗಳು 100 ಗ್ರಾಂ ನೆಲ್ಲಿಕಾಯಿಗೆ 600 ಮಿಲಿಗ್ರಾಂ ಎಂದು ಹೇಳುತ್ತಿದ್ದವು, ಈಗಲೂ ಎಲ್ಲರೂ ಉದ್ಧರಿಸುವುದು ಅದನ್ನೇ. ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಹೊಸ ಕೋಷ್ಟಕದಲ್ಲಿ ಅದು 250ರ ಆಸುಪಾಸಿಗೆ ಇಳಿದಿದೆ. ಅಳೆಯುವ ವಿಧಾನ, ತಳಿ, ಕಾಯಿ ಎಷ್ಟು ಬಲಿತಿದೆ, ಕಿತ್ತು ಎಷ್ಟು ದಿನವಾಗಿದೆ ಎಂಬುದರ ಮೇಲೆ ಇಷ್ಟೊಂದು ಅಂತರ ಬರುತ್ತದೆ. ಕಡಿಮೆ ಅಂಕಿಯನ್ನೇ ಹಿಡಿದರೂ, ಮೂವತ್ತು ನಲವತ್ತು ಗ್ರಾಂ ತೂಗುವ ಒಂದು ಕಾಯಿಯಲ್ಲಿ ಒಬ್ಬರ ದಿನದ ಅಗತ್ಯ ಮುಗಿಯುತ್ತದೆ. ಆದ್ದರಿಂದ ಅಡುಗೆಮನೆಯ ಮಟ್ಟಿಗೆ ಈ ವಾದ ಯಾವ ಕಡೆ ತೀರಿದರೂ ನಷ್ಟವಿಲ್ಲ. ಬೆಟ್ಟದ ನೆಲ್ಲಿಯ ಈ ಲೆಕ್ಕವನ್ನು ಗೀರುಗಳಿರುವ ಪುಟ್ಟ ರಾಜನೆಲ್ಲಿಗೆ ಅನ್ವಯಿಸಬಾರದು, ಅದು ಬೇರೆಯೇ ಮರದ ಕಾಯಿ.

ಸೀಬೆಹಣ್ಣು, ಅಂದರೆ ಕರಾವಳಿಯವರ ಪೇರಳೆ, ಕೋಲಾರದ ಕಡೆಯವರ ಚೇಪೆಕಾಯಿ, 100 ಗ್ರಾಂಗೆ 200 ಮಿಲಿಗ್ರಾಂಗೂ ಹೆಚ್ಚು ಕೊಡುತ್ತದೆ, ಬಿಳಿ ತಿರುಳಿನದಾದರೂ ಕೆಂಪು ತಿರುಳಿನದಾದರೂ ಸರಿಯೆ. ನನ್ನ ಅಭಿಪ್ರಾಯದಲ್ಲಿ ದಿನಬಳಕೆಗೆ ನೆಲ್ಲಿಕಾಯಿಗಿಂತ ಇದೇ ಮೇಲು. ಯಾರನ್ನೂ ಒತ್ತಾಯಿಸಬೇಕಿಲ್ಲ, ಒಲೆ ಹಚ್ಚಬೇಕಿಲ್ಲ, ಮಕ್ಕಳು ತಾವಾಗಿಯೇ ತಿನ್ನುತ್ತಾರೆ. ಆಸ್ಪತ್ರೆಯಲ್ಲಿ ಮಲಗಿದವರನ್ನು ನೋಡಲು ಹೋಗುವಾಗ ನಾವು ಸೇಬು ಒಯ್ಯುತ್ತೇವೆ. ಸೇಬಿನಲ್ಲಿ 100 ಗ್ರಾಂಗೆ ನಾಲ್ಕೈದು ಮಿಲಿಗ್ರಾಂ ಮಾತ್ರ ಇದೆ, ಬೆಲೆ ಮಾತ್ರ ಸೀಬೆಯ ಹಲವು ಪಟ್ಟು.

ಮಲೆನಾಡು ಮತ್ತು ಕರಾವಳಿಯಲ್ಲಿ ಬೀಜ ಕಿತ್ತುಕೊಂಡು ಎಸೆದುಬಿಡುವ ಗೇರುಹಣ್ಣು ಕೂಡ ಸೀಬೆಯ ಸಾಲಿಗೇ ಸೇರಿದ್ದು. ಗಂಟಲು ಕೆರೆಯುವ ಒಗರನ್ನು ತಗ್ಗಿಸಲು ಹೋಳುಗಳಿಗೆ ಸ್ವಲ್ಪ ಉಪ್ಪು ಸವರಿ ತಿನ್ನುವ ರೂಢಿ ಇದೆ. ದಪ್ಪ ಮೆಣಸಿನಕಾಯಿಯಲ್ಲಿ 100 ಗ್ರಾಂಗೆ 100 ಮಿಲಿಗ್ರಾಂ ದಾಟುತ್ತದೆ. ಕಿತ್ತಳೆ, ಮೋಸಂಬಿ, ಪರಂಗಿ ಹಣ್ಣುಗಳಲ್ಲಿ 100 ಗ್ರಾಂಗೆ ನಲವತ್ತರಿಂದ ಅರವತ್ತರವರೆಗೆ. ಮಾವಿನಹಣ್ಣು, ಅನಾನಸ್, ಎಲೆಕೋಸುಗಳಲ್ಲಿ ಮೂವತ್ತರ ಮೇಲೆ. ಟೊಮೇಟೊದಲ್ಲಿ ಇಪ್ಪತ್ತೈದರ ಹತ್ತಿರ. ನವಿಲುಕೋಸು ಮತ್ತು ಹಾಗಲಕಾಯಿ ಎಲೆಕೋಸಿಗಿಂತ ಮೇಲಿವೆ.

ಸೊಪ್ಪುಗಳಲ್ಲಿ ನುಗ್ಗೆಸೊಪ್ಪು ಮುಂದಿದೆ, ಹಸಿಯಾಗಿದ್ದಾಗ 100 ಗ್ರಾಂಗೆ 100 ಮಿಲಿಗ್ರಾಂ ಮೀರುತ್ತದೆ. ಅದನ್ನು ಒಣಗಿಸಿ ಪುಡಿ ಮಾಡಿ ಮಾರುವ ಪೊಟ್ಟಣದಲ್ಲಿ ಸುಣ್ಣದಂಶ, ಕಬ್ಬಿಣಗಳು ಉಳಿದಿರುತ್ತವೆಯೇ ಹೊರತು ವಿಟಮಿನ್ ಸಿಯ ಬಹುಪಾಲು ಹೋಗಿರುತ್ತದೆ. ದಂಟು, ಹರಿವೆ, ರಾಜಗಿರಿ ಸೊಪ್ಪುಗಳೂ ಒಳ್ಳೆಯವೇ. ಚಕ್ರಮುನಿ ಸೊಪ್ಪನ್ನು ವಿಟಮಿನ್‌ಗಳ ಗಣಿಯೆಂದು ಹಿತ್ತಲಿನಲ್ಲಿ ಬೆಳೆಸುವವರು ಒಂದು ವಿಷಯ ತಿಳಿದಿರಬೇಕು: 1990ರ ದಶಕದ ಮಧ್ಯದಲ್ಲಿ ತೈವಾನಿನಲ್ಲಿ ತೂಕ ಇಳಿಸಲೆಂದು ಇದರ ಹಸಿ ರಸವನ್ನು ವಾರಗಟ್ಟಲೆ ಕುಡಿದ ಅನೇಕರಿಗೆ ಗುಣವಾಗದ ಶ್ವಾಸಕೋಶದ ಕಾಯಿಲೆ ಬಂದಿತ್ತು. ಬೇಯಿಸಿ, ಅಪರೂಪಕ್ಕೊಮ್ಮೆ, ಪಲ್ಯದ ಪ್ರಮಾಣದಲ್ಲಿ ತಿನ್ನುವುದಷ್ಟೇ ಸರಿ, ಜ್ಯೂಸ್ ಬೇಡ.

ಕೊನೆಯದಾಗಿ ನಿಂಬೆ. ವಿಜಯಪುರ ಜಿಲ್ಲೆಯ ಇಂಡಿ ಕಡೆಯ ಒಳ್ಳೆಯ ರಸಭರಿತ ನಿಂಬೆಯಾದರೂ ಒಂದು ಹಣ್ಣಿನಿಂದ ಸಿಗುವ ರಸದಲ್ಲಿ ವಿಟಮಿನ್ ಸಿ ಇರುವುದು 10 ಮಿಲಿಗ್ರಾಂನ ಆಸುಪಾಸು ಮಾತ್ರ. ನಾಲ್ವರ ಚಿತ್ರಾನ್ನಕ್ಕೆ ಒಂದು ನಿಂಬೆ ಹಿಂಡಿದರೆ ತಲೆಗೆ ಎರಡು ಮೂರು ಮಿಲಿಗ್ರಾಂ ಬರುತ್ತದೆ. ನಿಂಬೆಯನ್ನು ಬಿಡಬೇಕೆಂದು ಹೇಳುತ್ತಿಲ್ಲ. ಬೆಳಿಗ್ಗೆ ಒಂದು ಲೋಟ ನಿಂಬೆ ನೀರು ಕುಡಿದು ದಿನದ ಬಾಬ್ತು ಮುಗಿಯಿತೆಂದು ಕೈತೊಳೆದುಕೊಳ್ಳಬಾರದು, ಅಷ್ಟೆ. ಅಂಗಡಿಯ ನಿಂಬೆ ಪಾನೀಯಗಳ ವಿಷಯದಲ್ಲಿ ಪೊಟ್ಟಣದ ಹಿಂಬದಿ ನೋಡಿ: ಆಹಾರಕ್ಕೆ ಬೆರೆಸುವ ಪದಾರ್ಥಗಳ ಅಂತರರಾಷ್ಟ್ರೀಯ ಸಂಖ್ಯೆಯಾದ ಐಎನ್‌ಎಸ್ 330 ಎಂದಿದ್ದರೆ ಅದು ಹುಳಿಗಾಗಿ ಹಾಕಿದ ಸಿಟ್ರಿಕ್ ಆಮ್ಲ, ವಿಟಮಿನ್ ಸಿ ಅಲ್ಲ. ವಿಟಮಿನ್ ಸಿಯ ಸಂಖ್ಯೆ ಐಎನ್‌ಎಸ್ 300.

ಹಂತ 4: ಕೊಂಡದ್ದನ್ನು ಕಳೆಯದಂತೆ ಅಡುಗೆ ಮಾಡಿ

ನಷ್ಟ ಸಂತೆಯಿಂದಲೇ ಶುರುವಾಗುತ್ತದೆ. ಬಾಡಿದ ಸೊಪ್ಪಿನಲ್ಲಿ ಬಣ್ಣ ಹೋಗುವ ಮೊದಲೇ ವಿಟಮಿನ್ ಸಿ ಹೋಗಿರುತ್ತದೆ. ಬೆಳಿಗ್ಗೆ ಬಂದ ಸೊಪ್ಪನ್ನು ಅಂದೇ ಅಥವಾ ಮರುದಿನ ಬಳಸುವಷ್ಟೇ ಕೊಳ್ಳಿ. ಇಡಲೇಬೇಕಾದರೆ ಬೇರು ಕತ್ತರಿಸದೆ, ಒದ್ದೆ ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿಡಿ. ಹೆಚ್ಚಿ ಪೊಟ್ಟಣ ಕಟ್ಟಿ ಮಾರುವ ತರಕಾರಿ ಸಮಯ ಉಳಿಸುತ್ತದೆ ನಿಜ, ಆದರೆ ಅದರ ಪ್ರತಿಯೊಂದು ಹೋಳಿನ ಎಲ್ಲ ಬದಿಗಳೂ ಗಂಟೆಗಟ್ಟಲೆ ಗಾಳಿಗೆ ತೆರೆದುಕೊಂಡಿರುತ್ತವೆ.

ತೊಳೆಯುವ ಕೆಲಸವನ್ನು ಹೆಚ್ಚುವ ಮೊದಲು ಮಾಡಿ ಮುಗಿಸಬೇಕು. ಹೆಚ್ಚಿದ ಸೊಪ್ಪನ್ನು ನೀರಿನಲ್ಲಿ ನೆನೆಹಾಕಿ, ಹಿಂಡಿ, ಆ ನೀರು ಚೆಲ್ಲುವುದೆಂದರೆ ಬೇಯಿಸುವ ಮೊದಲೇ ಒಂದು ಪಾಲನ್ನು ಬಚ್ಚಲಿಗೆ ಕೊಟ್ಟಂತೆ. ತರಕಾರಿಯ ಜೀವಕೋಶ ಒಡೆದಾಗ ಅದರೊಳಗಿನ ಕಿಣ್ವವೊಂದು ಹೊರಬಂದು ಗಾಳಿಯ ಸಹಾಯದಿಂದ ವಿಟಮಿನ್ ಸಿಯನ್ನು ಹಾಳುಮಾಡುತ್ತದೆ. ಹೋಳು ಸಣ್ಣದಾದಷ್ಟೂ, ಹೆಚ್ಚಿಟ್ಟ ಸಮಯ ಹೆಚ್ಚಾದಷ್ಟೂ ಈ ನಷ್ಟ ಏರುತ್ತದೆ. ಹಿಂದಿನ ರಾತ್ರಿಯೇ ತರಕಾರಿ ಹೆಚ್ಚಿಟ್ಟುಕೊಳ್ಳದೆ ಗತ್ಯಂತರವಿಲ್ಲದ, ಕೆಲಸಕ್ಕೆ ಹೋಗುವ ಗೃಹಸ್ಥರು ಅದಕ್ಕಾಗಿ ಕೊರಗಬೇಕಿಲ್ಲ. ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ, ದೊಡ್ಡ ಹೋಳುಗಳಾಗಿ, ತಣ್ಣಗೆ ಇಟ್ಟುಕೊಂಡು, ವಿಟಮಿನ್ ಸಿಯನ್ನು ಹಸಿ ಹಣ್ಣಿನಿಂದ ಪಡೆದರಾಯಿತು.

ಬೇಯಿಸುವಾಗ ನೀರು ಕಡಿಮೆ, ಸಮಯ ಕಡಿಮೆ, ಮುಚ್ಚಳ ಮುಚ್ಚಿರಬೇಕು. ನೀರು ಮೊದಲು ಕುದಿಸಿ ಆಮೇಲೆ ತರಕಾರಿ ಹಾಕಿದರೆ ಕಿಣ್ವ ಬೇಗ ನಿಷ್ಕ್ರಿಯವಾಗುತ್ತದೆ. ತೆರೆದ ಪಾತ್ರೆಯಲ್ಲಿ ಬಹಳ ನೀರಿನಲ್ಲಿ ಬೇಯಿಸಿ ಬಸಿದರೆ ಅರ್ಧದಷ್ಟು ಹೋಗುವುದು ಸಾಮಾನ್ಯ, ಹಬೆಯಲ್ಲಿ ಬೇಯಿಸಿದರೆ ನಷ್ಟ ಅದಕ್ಕಿಂತ ಬಹಳ ಕಡಿಮೆ. ಕುಕ್ಕರಿನ ಬಿಸಿ ಹೆಚ್ಚಾದರೂ ಸಮಯ ಮತ್ತು ನೀರು ಕಡಿಮೆಯಾಗುವುದರಿಂದ ಅದನ್ನು ದೂರುವ ಕಾರಣವಿಲ್ಲ.

ಈ ವಿಷಯದಲ್ಲಿ ಹಳೇ ಮೈಸೂರಿನ ಬಸ್ಸಾರು ಬಹಳ ಜಾಣತನದ ಅಡುಗೆ. ಸೊಪ್ಪು, ಕಾಳು ಬೇಯಿಸಿ ಬಸಿದ ನೀರಿನಿಂದಲೇ ಸಾರು ಮಾಡುವುದರಿಂದ ನೀರಿಗೆ ಇಳಿದದ್ದು ಮತ್ತೆ ತಟ್ಟೆಗೇ ಬರುತ್ತದೆ. ಬಿಸಿಯಿಂದ ಹಾಳಾದದ್ದು ಹಾಳಾಯಿತು, ನೀರಿನಲ್ಲಿ ಕರಗಿದ್ದು ಉಳಿಯಿತು. ಕಾಳನ್ನು ಮೊದಲು ಬೇಯಿಸಿಕೊಂಡು ಸೊಪ್ಪನ್ನು ಕೊನೆಯ ಕೆಲವು ನಿಮಿಷ ಮಾತ್ರ ಹಾಕಿದರೆ ಇನ್ನೂ ಹೆಚ್ಚು ಉಳಿಯುತ್ತದೆ. ಅದೇ ಸಾರನ್ನು ಮಧ್ಯಾಹ್ನ, ರಾತ್ರಿ, ಮರುದಿನ ಬೆಳಿಗ್ಗೆ ಎಂದು ಮತ್ತೆ ಮತ್ತೆ ಕುದಿಸಿದಾಗ ರುಚಿ ಏರುತ್ತದೆಯೆಂದು ಒಪ್ಪುತ್ತೇನೆ, ಆದರೆ ವಿಟಮಿನ್ ಸಿಯ ಲೆಕ್ಕಕ್ಕೆ ಮೊದಲ ದಿನದ ಸಾರನ್ನು ಮಾತ್ರ ಹಿಡಿಯಬೇಕು.

ಸೊಪ್ಪಿನ ಹಸಿರು ಬಣ್ಣ ಉಳಿಯಲೆಂದೋ, ಕಾಳು ಬೇಗ ಬೇಯಲೆಂದೋ ಅಡುಗೆ ಸೋಡಾ ಹಾಕುವುದನ್ನು ಬಿಡಿ. ಕ್ಷಾರದಲ್ಲಿ ವಿಟಮಿನ್ ಸಿ ನಿಲ್ಲುವುದಿಲ್ಲ, ಹುಳಿಯಲ್ಲಿ ನಿಲ್ಲುತ್ತದೆ. ಟೊಮೇಟೊ, ನೆಲ್ಲಿಕಾಯಿಗಳು ಬೇಯಿಸಿದಾಗಲೂ ಸೊಪ್ಪಿಗಿಂತ ಹೆಚ್ಚು ಉಳಿಸಿಕೊಳ್ಳುವುದು ತಮ್ಮ ಹುಳಿಯಿಂದಲೇ. ನಿಂಬೆರಸವನ್ನು ಒಲೆ ಆರಿಸಿದ ಮೇಲೆ ಹಿಂಡಬೇಕೆಂಬ ಹಿರಿಯರ ನಿಯಮ ಕಹಿಯಾಗದಿರಲೆಂದು ಹುಟ್ಟಿದ್ದು, ವಿಟಮಿನ್ನಿಗೂ ಅದು ಒಳ್ಳೆಯದೇ.

ತಾಮ್ರದ ಪಾತ್ರೆ ಇನ್ನೊಂದು ಶತ್ರು. ಬರಿಯ ತಾಮ್ರ ತಗುಲಿದರೆ ಗಾಳಿಯಲ್ಲಿ ವಿಟಮಿನ್ ಸಿ ಬಹುಬೇಗ ನಾಶವಾಗುತ್ತದೆ. ಇದಕ್ಕೆ ಚರಿತ್ರೆಯಲ್ಲಿ ದೊಡ್ಡ ಸಾಕ್ಷ್ಯವೇ ಇದೆ. ಜೇಮ್ಸ್ ಲಿಂಡ್ ಎಂಬ ನೌಕಾ ವೈದ್ಯ 1747ರಲ್ಲಿ ಹನ್ನೆರಡು ಮಂದಿ ರೋಗಿ ನಾವಿಕರನ್ನು ಎರಡೆರಡರಂತೆ ವಿಂಗಡಿಸಿ, ಕಿತ್ತಳೆ ನಿಂಬೆ ತಿಂದವರು ಸ್ಕರ್ವಿಯಿಂದ ಚೇತರಿಸಿಕೊಳ್ಳುವುದನ್ನು ತೋರಿಸಿದ್ದ. ಮುಂದೆ ಬ್ರಿಟಿಷ್ ನೌಕಾಪಡೆ ನಿಂಬೆ ಜಾತಿಯ ಹಣ್ಣಿನ ರಸವನ್ನು ಹಂಚತೊಡಗಿ ರೋಗವನ್ನು ಹತ್ತಿಕ್ಕಿತು. ಆಮೇಲೆ ಮೆಡಿಟರೇನಿಯನ್ ಕಡೆಯ ದೊಡ್ಡ ನಿಂಬೆಯ ಬದಲು ವೆಸ್ಟ್ ಇಂಡೀಸಿನ ಸಣ್ಣ ನಿಂಬೆಯ ರಸವನ್ನು ಬಳಸಲಾಯಿತು. ಅದರಲ್ಲಿ ಇದ್ದದ್ದೇ ಕಡಿಮೆ, ಇದ್ದುದೂ ಗಾಳಿ ಬೆಳಕುಗಳಿಗೆ ತೆರೆದಿಟ್ಟು ತಾಮ್ರದ ಕೊಳವೆಗಳಲ್ಲಿ ಹರಿಸಿದ್ದರಿಂದ ಕಳೆದುಹೋಗುತ್ತಿತ್ತು. 1875ರಲ್ಲಿ ಆರ್ಕ್ಟಿಕ್ ಕಡೆಗೆ ಹೊರಟ ದಂಡು ಈ ರಸವನ್ನು ಜೊತೆಗೆ ಇಟ್ಟುಕೊಂಡಿದ್ದರೂ ಸ್ಕರ್ವಿಗೆ ತುತ್ತಾಯಿತು. ತಾಮ್ರದ ಚೊಂಬಿನಲ್ಲಿ ನಿಂಬೆ ನೀರನ್ನೋ ನೆಲ್ಲಿಕಾಯಿ ರಸವನ್ನೋ ರಾತ್ರಿಯಿಡೀ ಇಟ್ಟು ಬೆಳಿಗ್ಗೆ ಕುಡಿಯುವವರು ವಿಟಮಿನ್ನನ್ನು ಕಳೆದುಕೊಳ್ಳುವುದರ ಜೊತೆಗೆ ಹುಳಿಗೆ ಕರಗಿದ ತಾಮ್ರವನ್ನೂ ಕುಡಿಯುತ್ತಾರೆ.

ಹಂತ 5: ಹಸಿಯಾದ ಒಂದು ಪದಾರ್ಥವನ್ನು ಊಟದ ಜೊತೆಗೇ ಇಡಿ

ಹಣ್ಣನ್ನು ಊಟದ ಜೊತೆ ತಿನ್ನಬಾರದು, ಬರಿಹೊಟ್ಟೆಯಲ್ಲಿಯೇ ತಿನ್ನಬೇಕು ಎಂಬ ಸಲಹೆ ಎಲ್ಲೆಲ್ಲಿಯೂ ಕೇಳಿಬರುತ್ತದೆ. ವಿಟಮಿನ್ ಸಿಯ ಮಟ್ಟಿಗೆ ಇದಕ್ಕೆ ವಿರುದ್ಧವಾದುದೇ ಹೆಚ್ಚು ಲಾಭಕರ. ರಾಗಿ, ಕಾಳು, ಸೊಪ್ಪುಗಳಲ್ಲಿರುವ ಕಬ್ಬಿಣವನ್ನು ನಮ್ಮ ಕರುಳು ಬಹಳ ಸ್ವಲ್ಪವೇ ಹೀರಿಕೊಳ್ಳುತ್ತದೆ. ಅವುಗಳಲ್ಲಿನ ಫೈಟೇಟ್ ಅದಕ್ಕೆ ಅಡ್ಡಬರುತ್ತದೆ. ಅದೇ ಊಟದಲ್ಲಿ 50 ಮಿಲಿಗ್ರಾಂನಷ್ಟು ವಿಟಮಿನ್ ಸಿ ಇದ್ದರೆ ಅದು ಕಬ್ಬಿಣವನ್ನು ಹೀರಿಕೊಳ್ಳಲು ಅನುವಾದ ರೂಪಕ್ಕೆ ತಂದು ಹೀರುವಿಕೆಯನ್ನು ಗಮನಾರ್ಹವಾಗಿ ಹೆಚ್ಚಿಸುತ್ತದೆ. ಎರಡೂ ಒಂದೇ ಹೊತ್ತಿಗೆ ಹೊಟ್ಟೆಯಲ್ಲಿದ್ದರೆ ಮಾತ್ರ ಈ ಕೆಲಸ ನಡೆಯುವುದು. ಬೆಳಿಗ್ಗೆ ತಿಂದ ಕಿತ್ತಳೆ ರಾತ್ರಿಯ ಮುದ್ದೆಗೆ ನೆರವಾಗದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನಲ್ಲಿ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇರುವುದು ಕಂಡುಬಂದಿದೆ ಎಂಬುದನ್ನು ನೆನೆದರೆ, ಇದು ಸಣ್ಣ ಸಂಗತಿಯಲ್ಲ.

ಉತ್ತರ ಕರ್ನಾಟಕದ ಊಟದಲ್ಲಿ ಈ ಏರ್ಪಾಡು ಆಗಲೇ ಇದೆ. ಜೋಳದ ರೊಟ್ಟಿ, ಕಾಳಿನ ಪಲ್ಯದ ಪಕ್ಕದಲ್ಲಿ ಹಸಿ ಮೆಂತ್ಯ, ಮೂಲಂಗಿ, ಹಕ್ಕರಕಿ, ಈರುಳ್ಳಿ ಸೊಪ್ಪುಗಳನ್ನು ಇಟ್ಟುಕೊಂಡು ಕಡಿದು ತಿನ್ನುವುದು ಅಲ್ಲಿನ ವಾಡಿಕೆ. ಹಳೇ ಮೈಸೂರಿನವರು ಹಬ್ಬದ ಎಲೆಯಲ್ಲಿ ಮಾತ್ರ ನೋಡುವ ಕೋಸಂಬರಿಯನ್ನು ದಿನದ ಊಟಕ್ಕೆ ತಂದುಕೊಳ್ಳಬೇಕು: ನೆನೆಸಿದ ಹೆಸರುಬೇಳೆ, ತುರಿದ ಎಲೆಕೋಸು ಅಥವಾ ನವಿಲುಕೋಸು, ಸಣ್ಣಗೆ ಹೆಚ್ಚಿದ ದಪ್ಪ ಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು, ನಿಂಬೆ, ಉಪ್ಪನ್ನು ಬಡಿಸುವ ಹೊತ್ತಿಗೆ ಬೆರೆಸಬೇಕು, ಇಲ್ಲದಿದ್ದರೆ ನೀರು ಬಿಟ್ಟುಕೊಳ್ಳುತ್ತದೆ. ಕೇವಲ ಸೌತೆಕಾಯಿಯ ಕೋಸಂಬರಿ ತಂಪಾದರೂ ವಿಟಮಿನ್ ಸಿಯಲ್ಲಿ ಬಡವಾದದ್ದು. ಕರಾವಳಿ ಮಲೆನಾಡಿನವರಿಗೆ ನೆಲ್ಲಿಕಾಯಿ ತಂಬುಳಿ ಇದ್ದೇ ಇದೆ. ಹಸಿ ನೆಲ್ಲಿಕಾಯಿಯನ್ನು ಕಾಯಿತುರಿ, ಹಸಿಮೆಣಸಿನೊಂದಿಗೆ ರುಬ್ಬಿ ಮಜ್ಜಿಗೆಗೆ ಬೆರೆಸುವ ಈ ಅಡುಗೆಗೆ ಒಲೆಯ ಬಿಸಿ ತಗಲುವುದು ಒಗ್ಗರಣೆಯಲ್ಲಿ ಮಾತ್ರ.

ಊಟವಾದ ಕೂಡಲೇ ಕಾಫಿ, ಚಹಾ ಕುಡಿಯುವ ಅಭ್ಯಾಸ ಇಷ್ಟೆಲ್ಲವನ್ನೂ ನಿರರ್ಥಕಗೊಳಿಸಬಲ್ಲದು, ಏಕೆಂದರೆ ಅವುಗಳ ಒಗರಿನ ಅಂಶಗಳು ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತವೆ. ಒಂದು ಗಂಟೆಯ ಅಂತರವಿರಲಿ. ಕಬ್ಬಿಣದ ಮಾತ್ರೆ ನುಂಗುವವರಿಗೂ ಇದೇ ಮಾತು: ಅದರ ಜೊತೆಗೆ ಮತ್ತೊಂದು ವಿಟಮಿನ್ ಸಿ ಮಾತ್ರೆ ಕೊಳ್ಳುವುದಕ್ಕಿಂತ, ಚಹಾ ಮತ್ತು ಹಾಲಿನಿಂದ ಅದನ್ನು ದೂರವಿಡುವುದು ಮುಖ್ಯ.

ಹಂತ 6: ಋತುಮಾನಕ್ಕೆ ತಕ್ಕಂತೆ ಬದಲಾಯಿಸಿಕೊಳ್ಳಿ

ಉತ್ಥಾನ ದ್ವಾದಶಿಯ ತುಳಸಿ ಪೂಜೆಗೆ ನೆಲ್ಲಿಯ ಕೊಂಬೆ ಬರುವ ಹೊತ್ತಿಗೆ ಕಾಯಿಯ ಕಾಲ ಶುರುವಾಗಿರುತ್ತದೆ. ಅಲ್ಲಿಂದ ಫೆಬ್ರವರಿಯವರೆಗೆ ನೆಲ್ಲಿಕಾಯಿ ಅಗ್ಗ. ಆಗ ಒಂದೆರಡು ಕಿಲೋ ತಂದು, ತೊಳೆದು, ನೀರಾರಿಸಿ, ಬೀಜ ತೆಗೆದು ಡಬ್ಬಿಯಲ್ಲಿ ಫ್ರೀಜರಿಗೆ ಹಾಕಿಟ್ಟರೆ ಮಳೆಗಾಲದವರೆಗೂ ಚಿತ್ರಾನ್ನ, ಚಟ್ನಿ, ತಂಬುಳಿಗಳಿಗೆ ಸಾಕಾಗುತ್ತದೆ. ಮನೆಯಲ್ಲಿ ಮಾಡಬಹುದಾದ ಸಂರಕ್ಷಣೆಗಳಲ್ಲಿ ವಿಟಮಿನ್ ಸಿಯನ್ನು ಹೆಚ್ಚು ಉಳಿಸುವುದು ಇದೇ. ಉಪ್ಪುನೀರಿನಲ್ಲಿ ಹಾಕಿಟ್ಟ ನೆಲ್ಲಿಕಾಯಿಯಲ್ಲಿ ಸ್ವಲ್ಪ ಭಾಗ ನೀರಿಗೆ ಇಳಿಯುತ್ತದೆ, ರಕ್ತದೊತ್ತಡ ಇರುವವರಿಗೆ ಅದರ ಉಪ್ಪೂ ತೊಂದರೆ. ಬಿಸಿಲಿನಲ್ಲಿ ಒಣಗಿಸಿದ ನೆಲ್ಲಿಚಟ್ಟು, ಸಕ್ಕರೆ ಪಾಕದಲ್ಲಿ ಕಾಯಿಸಿದ ಮುರಬ್ಬ, ಲೇಹ್ಯಗಳು ತಮ್ಮ ರುಚಿಗೋ ಬೇರೆ ಗುಣಕ್ಕೋ ಇರಲಿ; ಅವುಗಳಲ್ಲಿ ಉಳಿದಿರುವ ವಿಟಮಿನ್ ಸಿ ಎಷ್ಟೆಂದು ಹೇಳಲಾಗದು, ಹಸಿ ಕಾಯಿಯ ಸಮಕ್ಕಂತೂ ಬಾರವು.

ಬೇಸಿಗೆಯಲ್ಲಿ ಗೇರುಹಣ್ಣು, ಆಮೇಲೆ ಮಾವು. ಪರಂಗಿ ವರ್ಷವಿಡೀ ಸಿಗುತ್ತದೆ. ಕಷ್ಟ ಇರುವುದು ಜೂನ್, ಜುಲೈ ತಿಂಗಳುಗಳ ಮಳೆಯಲ್ಲಿ, ಅದರಲ್ಲಿಯೂ ಸೊಪ್ಪು ಕೊಳೆತುಹೋಗುವ ಮಲೆನಾಡು, ಕರಾವಳಿಗಳಲ್ಲಿ. ಆಗ ಎಲೆಕೋಸು, ಫ್ರೀಜರಿನ ನೆಲ್ಲಿಕಾಯಿ ಮತ್ತು ಮೊಳಕೆಕಾಳು ಕೈಹಿಡಿಯುತ್ತವೆ. ಒಣಗಿದ ಹೆಸರುಕಾಳಿನಲ್ಲಿ ಇಲ್ಲದ ವಿಟಮಿನ್ ಸಿ ಮೊಳಕೆ ಬಂದಾಗ ಹೊಸದಾಗಿ ಹುಟ್ಟಿಕೊಂಡು 100 ಗ್ರಾಂಗೆ ಹದಿಮೂರು ಮಿಲಿಗ್ರಾಂನಷ್ಟಾಗುತ್ತದೆ. ಮಳೆಗಾಲದಲ್ಲಿ ಮೊಳಕೆಯನ್ನು ಪೂರಾ ಹಸಿಯಾಗಿ ತಿನ್ನದೆ ಎರಡು ನಿಮಿಷ ಹಬೆಯಾಡಿಸಿಕೊಳ್ಳುವುದು ಹೊಟ್ಟೆಗೆ ಕ್ಷೇಮ.

ಹಂತ 7: ಮಾತ್ರೆ ಬೇಕೆ ಎಂದು ಯೋಚಿಸಿ ತೀರ್ಮಾನಿಸಿ

ಕೋವಿಡ್ ಕಾಲದಲ್ಲಿ ಚೀಪುವ 500 ಮಿಲಿಗ್ರಾಂ ಮಾತ್ರೆಗಳು ಮನೆಮನೆಗೂ ಬಂದವು, ಅನೇಕರು ಇನ್ನೂ ಬಿಟ್ಟಿಲ್ಲ. ಒಂದು ಸಲಕ್ಕೆ 200 ಮಿಲಿಗ್ರಾಂವರೆಗೆ ತೆಗೆದುಕೊಂಡದ್ದನ್ನು ಕರುಳು ಬಹುತೇಕ ಪೂರ್ತಿಯಾಗಿ ಹೀರಿಕೊಳ್ಳುತ್ತದೆ; ಪ್ರಮಾಣ 1 ಗ್ರಾಂ ದಾಟಿದರೆ ಅರ್ಧಕ್ಕಿಂತಲೂ ಕಡಿಮೆ ಒಳಹೋಗುತ್ತದೆ, ಹೋದದ್ದರಲ್ಲಿ ಹೆಚ್ಚಾದದ್ದು ಮೂತ್ರದಲ್ಲಿ ಹೊರಬರುತ್ತದೆ. ನೆಗಡಿಯ ವಿಷಯದಲ್ಲಿ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ಕಂಡದ್ದಿಷ್ಟು: ದಿನವೂ ಮಾತ್ರೆ ನುಂಗುವ ಸಾಮಾನ್ಯ ಜನರಿಗೆ ನೆಗಡಿ ಬರುವುದು ಕಡಿಮೆಯಾಗುವುದಿಲ್ಲ, ಬಂದ ನೆಗಡಿಯ ಅವಧಿ ವಯಸ್ಕರಲ್ಲಿ ಶೇ. 8ರಷ್ಟು ತಗ್ಗುತ್ತದೆ, ನೆಗಡಿ ಶುರುವಾದ ಮೇಲೆ ಮಾತ್ರೆ ಆರಂಭಿಸುವುದರಿಂದ ನಿಶ್ಚಿತವಾದ ಪ್ರಯೋಜನ ಕಂಡಿಲ್ಲ. ಮ್ಯಾರಥಾನ್ ಓಟಗಾರರು, ಕೊರೆಯುವ ಚಳಿಯಲ್ಲಿ ದುಡಿಯುವ ಸೈನಿಕರಂಥವರಲ್ಲಿ ಮಾತ್ರ ನೆಗಡಿ ಅರ್ಧಕ್ಕೆ ಇಳಿದದ್ದು ಕಂಡುಬಂದಿದೆ.

ಹಣ್ಣು ತರಕಾರಿ ತಿನ್ನಲಾಗದ ಸ್ಥಿತಿಯಲ್ಲಿರುವವರಿಗೆ ಮಾತ್ರೆ ನಿಜಕ್ಕೂ ಉಪಕಾರಿ: ಚಹಾ, ರಸ್ಕು, ಗಂಜಿಯಲ್ಲಿ ದಿನ ದೂಡುವ ಒಂಟಿ ವೃದ್ಧರು, ವಿಪರೀತ ಕುಡಿತದವರು, ಎರಡು ಮೂರು ಬಗೆಯ ತಿಂಡಿ ಬಿಟ್ಟು ಬೇರೇನನ್ನೂ ಮುಟ್ಟದ ಮಕ್ಕಳು. ಆರು ತಿಂಗಳವರೆಗೆ ಶಿಶುಗಳಿಗೆ ಎದೆಹಾಲಿನಿಂದಲೇ ಬೇಕಾದಷ್ಟು ಸಿಗುತ್ತದೆ. ಆಮೇಲೆ ಕಾಯಿಸಿದ ಹಸುವಿನ ಹಾಲನ್ನೇ ನೆಚ್ಚಿಕೊಂಡರೆ ಸಿಗದು, ನುಣ್ಣಗೆ ಮಾಡಿದ ಪರಂಗಿ ಹಣ್ಣಿನಂಥದನ್ನು ಶುರುಮಾಡಬೇಕು.

ಹಂತ 8: ಎಚ್ಚರ ವಹಿಸಬೇಕಾದವರನ್ನು ಗುರುತಿಸಿ

ಇಲ್ಲಿ ಹೇಳುವ ಎಚ್ಚರಿಕೆಗಳು ಮಾತ್ರೆಗೆ ಸಂಬಂಧಿಸಿದ್ದು, ಸೀಬೆಹಣ್ಣಿಗಲ್ಲ. ದೇಹದಲ್ಲಿ ಹೆಚ್ಚಾದ ವಿಟಮಿನ್ ಸಿಯ ಒಂದು ಭಾಗ ಕಲ್ಲು ಕಟ್ಟಲು ಕಾರಣವಾಗುವ ಆಕ್ಸಲೇಟ್ ಆಗಿ ಮಾರ್ಪಡುವುದರಿಂದ ಒಮ್ಮೆ ಮೂತ್ರಪಿಂಡದ ಕಲ್ಲಾದವರು ದೊಡ್ಡ ಪ್ರಮಾಣದ ಮಾತ್ರೆಗಳಿಂದ ದೂರವಿರಬೇಕು. ಥಲಸ್ಸೀಮಿಯಾದಂತಹ ಕಾಯಿಲೆಯಿಂದ ದೇಹದಲ್ಲಿ ಕಬ್ಬಿಣ ಶೇಖರವಾಗುತ್ತಿರುವವರು, ಜಿ6ಪಿಡಿ ಕಿಣ್ವದ ಕೊರತೆ ಇರುವವರು, ಡಯಾಲಿಸಿಸ್ ಮಾಡಿಸಿಕೊಳ್ಳುವವರು ವೈದ್ಯರನ್ನು ಕೇಳದೆ ಆರಂಭಿಸಬಾರದು. ಡಯಾಲಿಸಿಸ್‌ನಲ್ಲಿ ವಿಟಮಿನ್ ಸಿ ಸೋರಿಹೋಗುವುದರಿಂದ ಅವರಿಗೆ ಬೇಕಾಗಲೂಬಹುದು, ಹೆಚ್ಚಾದರೆ ಅಪಾಯವೂ ಹೌದು. ಹೆಚ್ಚು ಪ್ರಮಾಣದ ಮಾತ್ರೆ ತೆಗೆದುಕೊಳ್ಳುವ ಸಕ್ಕರೆ ಕಾಯಿಲೆಯವರು ಕೆಲವು ಗ್ಲುಕೋಮೀಟರ್‌ಗಳು ತಪ್ಪು ಅಂಕಿ ತೋರಿಸಬಲ್ಲವು ಎಂಬುದನ್ನು ತಿಳಿದಿರಬೇಕು. ಅವರಿಗೆ ಹಣ್ಣಿನ ರಸಕ್ಕಿಂತ ಇಡೀ ಹಣ್ಣು ಮೇಲು, ಹಣ್ಣುಗಳಲ್ಲಿ ಅಷ್ಟೇನೂ ಮಾಗದ ಸೀಬೆ ಒಳ್ಳೆಯ ಆಯ್ಕೆ.

ಕೊರತೆಯ ಲಕ್ಷಣಗಳು ಮೊದಲಿಗೆ ಸಾಮಾನ್ಯ ಸುಸ್ತಿನಂತೆಯೇ ಇರುತ್ತವೆ. ಆಮೇಲೆ ಒಸಡು ಊದಿ ರಕ್ತ ಬರುವುದು, ಸಣ್ಣ ಪೆಟ್ಟಿಗೂ ಚರ್ಮ ನೀಲಿಗಟ್ಟುವುದು, ಕೂದಲಿನ ಬುಡದಲ್ಲಿ ಕೆಂಪು ಚುಕ್ಕೆಗಳು, ಮಾಯದ ಗಾಯ, ಕೀಲುನೋವು ಕಾಣಿಸಿಕೊಳ್ಳುತ್ತವೆ. ಚಿಕ್ಕ ಮಕ್ಕಳು ಕಾಲುನೋವಿನಿಂದ ನಡೆಯಲು ಒಲ್ಲೆನೆನ್ನುತ್ತಾರೆ. ಇಂತಹ ಮಗುವನ್ನು ತಡಮಾಡದೆ ವೈದ್ಯರಿಗೆ ತೋರಿಸಿ, ಮಗು ಏನೇನು ತಿನ್ನುತ್ತದೆ ಎಂಬುದನ್ನು ಅವರು ಕೇಳದಿದ್ದರೂ ಹೇಳಿ. ವಿಟಮಿನ್ ಸಿಯ ಕೊರತೆಯೇ ಕಾರಣವಾಗಿದ್ದರೆ ಚಿಕಿತ್ಸೆ ಆರಂಭಿಸಿದ ಕೆಲವೇ ದಿನಗಳಲ್ಲಿ ಸುಸ್ತು, ನೋವುಗಳು ಇಳಿಯುತ್ತವೆ, ಎರಡು ವಾರಗಳಲ್ಲಿ ಒಸಡು ಸುಧಾರಿಸುತ್ತದೆ. ಅಷ್ಟು ಕಾಲ ಹಣ್ಣು ಸೊಪ್ಪು ಸರಿಯಾಗಿ ತಿಂದ ಮೇಲೂ ಹಲ್ಲುಜ್ಜುವಾಗ ರಕ್ತ ಬರುತ್ತಲೇ ಇದ್ದರೆ ಅದು ಬಹುಶಃ ಹಲ್ಲಿನ ಪಾಚಿಯಿಂದಾದ ಒಸಡಿನ ಕಾಯಿಲೆ; ಮಾತ್ರೆಯ ಪ್ರಮಾಣ ಏರಿಸುವ ಬದಲು ದಂತವೈದ್ಯರಲ್ಲಿಗೆ ಹೋಗಬೇಕು.